ಡಬಲ್ ಮೆತ್ತೆ

ಹಾಡಪ್ಪನ ಕಿವಿಯಿಂದ ಕರೀ ಚೂರು ಉದುರುತ್ತಿರುವುದನ್ನು ಮೊದಲು ಕಂಡುಹಿಡಿದವರು ಅವನ ಅತ್ತೆ. ಬೆಳಿಗ್ಗೆ ನಡುಮನೆ ಗುಡಿಸುತ್ತಿದ್ದವರು ಪೊರಕೆ ಕೆಳಗಿಟ್ಟು, ನೆಲದಿಂದ ನಾಲ್ಕು ಚೂರು ಹೆಕ್ಕಿ, ಅಂಗೈಯಲ್ಲಿಟ್ಟು ಕಿಟಕಿಯ ಬೆಳಕಿಗೆ ಹಿಡಿದು ಮಗಳನ್ನು ಕರೆದರು.

"ಬಂದು ನೋಡೇ ಇಲ್ಲಿ. ನಿನ್ನ ಗಂಡನ ತಲೆಯೊಳಗೆ ಏನೋ ಸೀದುಹೋಗಿದೆ."

ಹೆಂಡತಿ ಬಂದು ನೋಡಿದಳು. "ತಲೆ ಅಲ್ಲಮ್ಮಾ, ಅವರ ಹೆಡ್‌ಫೋನು. ಕಿವಿಗೆ ಒತ್ತೋ ಆ ಮೆತ್ತೆ ಹಕ್ಕಳೆ ಏಳ್ತಿದೆ. ದಿಂಬಿನ ಮೇಲೆ ಅದೇ, ಅಂಗಿ ಕಾಲರ್ ಮೇಲೆ ಅದೇ. ನಿನ್ನೆ ಹಾಲಿನ ಪಾತ್ರೇಲೂ ಒಂದು ತೇಲ್ತಿತ್ತು."

"ಅಯ್ಯೋ! ನಾನು ಕುಡಿದಿದ್ದು ಅದೇ ಹಾಲಲ್ವೇನೇ?"

"ಅದಕ್ಕೇ ಹೇಳ್ಲಿಲ್ಲ." ಹೆಂಡತಿ ಗಂಡನ ಎದುರಿಗೆ ಬಂದು ನಿಂತು, ಕಿವುಡರಿಗೆ ಹೇಳುವ ಹಾಗೆ ಕೈಸನ್ನೆ ಸಮೇತ ಕೂಗಿದಳು. "ನೋಡಿ, ಸಾಯಂಕಾಲ ಮನೆಗೆ ಬರೋ ಹೊತ್ತಿಗೆ ಇದಕ್ಕೆ ಹೊಸ ಮೆತ್ತೆ ಹಾಕಿಸಿರಬೇಕು. ಇಲ್ಲಾಂದ್ರೆ ಇದು ಕಸದ ಡಬ್ಬಿಗೆ! ಆಮೇಲೆ ನನ್ನ ಕೇಳ್ಬೇಡಿ!"

ಕೂಗುವ ಅಗತ್ಯ ಇರಲಿಲ್ಲ. ಹಾಲಿನ ಸುದ್ದಿಯೂ ಸೇರಿ ಹಾಡಪ್ಪನಿಗೆ ಎಲ್ಲ ಸ್ಪಷ್ಟವಾಗಿ ಕೇಳಿಸಿತ್ತು. ಆದರೂ ಅವನು ಯಾವುದೋ ತಾಳಕ್ಕೆ ತಲೆ ಮೇಲೆ ಕೆಳಗೆ ಆಡಿಸುತ್ತಾ ಚಪ್ಪಲಿ ಮೆಟ್ಟಿ ಹೊರಟ.

ಇಲ್ಲಿ ಒಂದು ಗುಟ್ಟು ಬಿಚ್ಚಲೇಬೇಕು. ಆ ಹೆಡ್‌ಫೋನು ಹಾಡುವುದನ್ನು ನಿಲ್ಲಿಸಿ ಮೂರು ವರ್ಷವಾಗಿತ್ತು. ಅದರ ವೈರಿನ ತುದಿ ಹಾಡಪ್ಪನ ಪ್ಯಾಂಟಿನ ಜೇಬಿನಲ್ಲಿ ಬೀಗದ ಕೈ ಗೊಂಚಲಿಗೆ ಸುತ್ತಿಕೊಂಡು ಬಿದ್ದಿರುತ್ತಿತ್ತು.

ಅದು ಕೆಟ್ಟ ದಿನ ಅವನು ನೀರು ಸರಬರಾಜು ಕಚೇರಿಯ ತನ್ನ ಮೇಜಿನಲ್ಲೇ ಕೂತಿದ್ದ. ಹಾಡು ನಿಂತಿತು. ತೆಗೆದಿಡಬೇಕು ಅನ್ನುವಷ್ಟರಲ್ಲಿ ಸಾಹೇಬರು ದಪ್ಪನೆಯ ಫೈಲು ಹಿಡಿದು ಬಂದು, ಅವನ ಕಿವಿ ನೋಡಿ, "ಪಾಪ, ಇವರಿಗೆ ಕೇಳಿಸಲ್ಲ" ಅಂದು ಪಕ್ಕದ ಮೇಜಿನ ಟೈಪಿಸ್ಟ್ ಅಕ್ಕನಿಗೆ ಕೊಟ್ಟು ಹೋದರು. ಹಾಡಪ್ಪ ಹೆಡ್‌ಫೋನನ್ನು ತೆಗೆಯಲಿಲ್ಲ. ಅವತ್ತಿನಿಂದ ಇವತ್ತಿನವರೆಗೂ ತೆಗೆದಿಲ್ಲ ಅಂದರೂ ನಡೆಯುತ್ತೆ. ಜನರಿಗೆ ನಂಬಿಕೆ ಬರಲಿ ಅಂತ ಆಗಾಗ ಕೋಲೆ ಬಸವನ ಹಾಗೆ ತಲೆ ಆಡಿಸುವುದನ್ನು ರೂಢಿ ಮಾಡಿಕೊಂಡ. ಕಚೇರಿಯವರು ಇಟ್ಟ ಹಾಡಪ್ಪ ಅನ್ನುವ ಹೆಸರು ಮನೆವರೆಗೂ ಬಂತು.

ಎಲ್ಲ ಕೇಳಿಸುತ್ತದೆ, ಆದರೆ ಯಾರೂ ಏನೂ ಹೇಳುವುದಿಲ್ಲ. ಇದಕ್ಕಿಂತ ಸುಖದ ಬದುಕು ಸಂಬಳದಾರನಿಗೆ ಎಲ್ಲಿ ಸಿಗುತ್ತದೆ ಹೇಳಿ. ಯಾವ ಕೆಲಸ ಯಾವ ದಿಕ್ಕಿನಿಂದ ಬರುತ್ತಿದೆ ಅಂತ ಅವನಿಗೆ ಮೊದಲೇ ಗೊತ್ತಾಗುತ್ತಿತ್ತು. ಅದು ಮೇಜು ತಲುಪುವ ಮುಂಚೆ ಅವನು ಶೌಚಾಲಯದಲ್ಲಿರುತ್ತಿದ್ದ.

ಹೊಸದು ಕೊಳ್ಳಬಹುದಿತ್ತಲ್ಲ ಅನ್ನಬೇಡಿ. ಈಗಿನ ಹೊಸವು ಹುರುಳಿಕಾಳಿನಷ್ಟು. ಕಿವಿಯೊಳಗೆ ಹೋದರೆ ಹಾಕಿಕೊಂಡವನಿಗೇ ಕಾಣುವುದಿಲ್ಲ, ಇನ್ನು ಸಾಹೇಬರಿಗೆ ಹೇಗೆ ಕಾಣಬೇಕು?

ಅದೂ ಅಲ್ಲದೆ ಇವತ್ತು ಹನ್ನೊಂದಕ್ಕೆ ಸಭೆ ಇತ್ತು. ದೂರು ಕೌಂಟರಿನ ಹಿರಿಯರು ಇವತ್ತು ಮಧ್ಯಾಹ್ನ ನಿವೃತ್ತಿಯಾಗುತ್ತಿದ್ದರು, ಅವರ ಜಾಗಕ್ಕೆ ಯಾರನ್ನಾದರೂ ಹಾಕಬೇಕಿತ್ತು. ಬೆಳಿಗ್ಗೆ ಹತ್ತರಿಂದ ಸಾಯಂಕಾಲ ಐದರವರೆಗೆ ಜನ ಆ ಗಾಜಿನ ಕಿಂಡಿಗೆ ಬಾಯಿಟ್ಟು, ನೀರು ಬಂದಿಲ್ಲ, ಬಂದದ್ದು ನಿಂತಿಲ್ಲ, ನಮಗೆ ಬಂದಿಲ್ಲ ಪಕ್ಕದ ಮನೆಗೆ ಬಂದಿದೆ ಅಂತ ಕೂಗುತ್ತಾರೆ. ಹಿರಿಯರು ಹನ್ನೊಂದು ವರ್ಷ ಅಲ್ಲಿ ಕೂತಿದ್ದರು. ಕೂತಾಗ ತಲೆ ತುಂಬ ಕೂದಲಿತ್ತಂತೆ. ಈಗ ಹುಬ್ಬು ಮಾತ್ರ ಉಳಿದಿತ್ತು.

ಆ ಕಿಂಡಿಗೆ ತನ್ನನ್ನೇ ಹಾಕಿಯಾರು ಅಂತ ಹಾಡಪ್ಪನಿಗೆ ಭಯ. ತಪ್ಪಿಸಿಕೊಳ್ಳಲು ಅವನ ಹತ್ತಿರ ಇದ್ದ ಅಸ್ತ್ರ ಒಂದೇ, ಆ ಹೆಡ್‌ಫೋನು. ಮೆತ್ತೆ ಉದುರಿ ಬರೀ ಪ್ಲಾಸ್ಟಿಕ್ ಉಳಿದ ಅದು ಹತ್ತು ನಿಮಿಷಕ್ಕೇ ಕಿವಿ ಕಚ್ಚಿ ಕೆಂಪು ಮಾಡುತ್ತಿತ್ತು. ಸಭೆಯ ಮುಂಚೆ ಮೆತ್ತೆ ಹಾಕಿಸಲೇಬೇಕು.

ರೇಡಿಯೋ ರಿಪೇರಿಯವನು ಹೆಡ್‌ಫೋನನ್ನು ಎರಡು ಬೆರಳಿನಲ್ಲಿ ಎತ್ತಿ ನೋಡಿದ. "ಇದರ ಮೆತ್ತೆ ಈಗ ಬರಲ್ಲ ಸಾರ್. ಇರಿ, ಹಾಡುತ್ತಾ ನೋಡೋಣ."

"ಬೇಡ ಬೇಡ," ಅನ್ನುವುದರೊಳಗೆ ಅವನು ವೈರು ಚುಚ್ಚಿ ಕಿವಿಗಿಟ್ಟಾಗಿತ್ತು. ಮುಖ ಸಪ್ಪಗಾಯಿತು.

"ಸಾರ್, ಇದರಲ್ಲಿ ಜೀವಾನೇ ಇಲ್ಲ."

"ಗೊತ್ತು. ಮೆತ್ತೆ ಹಾಕಿಕೊಡಿ."

"ಕೇಳಿಸದೇ ಇರೋದಕ್ಕೆ ಮೆತ್ತೆ ಯಾಕೆ ಸಾರ್?"

"ಮೆತ್ತಗಿರಲಿ ಅಂತ."

ರಿಪೇರಿಯವನು ಹೆಡ್‌ಫೋನನ್ನು ವಾಪಸ್ ಕೊಟ್ಟು ಪಕ್ಕದ ಟೈಲರ್ ಅಂಗಡಿ ತೋರಿಸಿದ.

ಟೈಲರ್ ಕೋಟು ಹೊಲಿಯುವುದರಲ್ಲಿ ಪಳಗಿದವನು. ಕುತ್ತಿಗೆಯ ಟೇಪು ತೆಗೆದು, ಹೆಡ್‌ಫೋನನ್ನು ಬಿಟ್ಟು, ಹಾಡಪ್ಪನ ಕಿವಿಯ ಅಳತೆ ತೆಗೆದುಕೊಂಡ.

"ಕಿವಿ ಯಾಕ್ರೀ ಅಳೀತೀರಾ? ಮೆತ್ತೆ ಅಳೀರಿ."

"ಮೈ ಅಳೀದೆ ಬಟ್ಟೆ ಕತ್ತರಿಸಿದವನಲ್ಲ ನಾನು. ಎಡಕಿವಿ ಕಾಲು ಇಂಚು ದೊಡ್ಡದಿದೆ, ಗೊತ್ತಾ?" ಅಂದು ಪುಸ್ತಕದಲ್ಲಿ ಬರೆದುಕೊಂಡ. "ಗುರುವಾರ ಬನ್ನಿ."

"ಹನ್ನೊಂದಕ್ಕೆ ಬೇಕಣ್ಣಾ. ನನ್ನ ಜೀವನದ ಪ್ರಶ್ನೆ."

ಹೊಲಿಗೆ ಅಂಗಡಿಯಲ್ಲಿ ಎಲ್ಲರೂ ಹೇಳುವುದು ಅದನ್ನೇ. ಆದರೆ ಹಾಡಪ್ಪನ ಕಣ್ಣಲ್ಲಿ ನೀರಾಡಿದ್ದು ಕಂಡು ಟೈಲರ್ ಕರಗಿದ. ಉಳಿದಿದ್ದ ಕೆಂಪು ಮಖಮಲ್ಲಿನ ತುಂಡು ಹುಡುಕಿದ. ಒಳಗೆ ತುಂಬಲು ಕೋಟಿನ ಭುಜಕ್ಕೆ ಹಾಕುವ ಪ್ಯಾಡು ತೆಗೆದ. ಒಂದು ಸಾಕು ಅಂದರೂ ಕೇಳದೆ ಎರಡೆರಡು ಇಟ್ಟ. "ನಮ್ಮದು ಯಾವಾಗಲೂ ಡಬಲ್. ಇವತ್ತಿನವರೆಗೂ ಒಬ್ಬ ಗಿರಾಕಿ ತಿರುಗಿ ಬಂದಿಲ್ಲ."

ಹೊಲಿದು ಹಾಡಪ್ಪನ ತಲೆಗೆ ಏರಿಸಿದ. ಮೂಲೆಯಲ್ಲಿ ಕೆಲಸದ ಹುಡುಗ ತುಳಿಯುತ್ತಿದ್ದ ಹೊಲಿಗೆ ಮಿಷನ್ನಿನ ಸದ್ದು ನಿಂತಿತು. ಬೀದಿಯ ಸದ್ದೂ ನಿಂತಿತು. ಮಿಷನ್ ನೋಡಿದರೆ ಚಕ್ರ ತಿರುಗುತ್ತಲೇ ಇತ್ತು. ಹಾಡಪ್ಪನಿಗೆ ಆಹಾ ಅನಿಸಿತು. ಮೂರು ವರ್ಷ ನಾಟಕ ಮಾಡಿದ್ದು ಇವತ್ತು ನಿಜವಾಗಿತ್ತು. ಎದುರಿಗೆ ಟೈಲರ್‌ನ ಬಾಯಿ ಏನೋ ಕೇಳುತ್ತಿತ್ತು. ಹಾಡಪ್ಪ ಅಭ್ಯಾಸಬಲದಿಂದ ತಲೆ ಆಡಿಸಿದ. ಟೈಲರ್ ಖುಷಿಯಾಗಿ ಹೆಡ್‌ಫೋನನ್ನು ಕಿತ್ತುಕೊಂಡು ಮತ್ತೆ ಮಿಷನ್ನಿಗೆ ಕೂತ. ಇಪ್ಪತ್ತು ನಿಮಿಷದ ಮೇಲೆ ಎರಡೂ ಮೆತ್ತೆಯಿಂದ ಒಂದೊಂದು ಪಟ್ಟಿ ಇಳಿಬಿದ್ದು, ತುದಿಯಲ್ಲಿ ಉಕ್ಕಿನ ಕೊಕ್ಕೆ ಹೊಳೆಯುತ್ತಿತ್ತು.

"ಇದೇನ್ರೀ ಇದು?"

"ಜಾರದೇ ಇರೋ ಹಾಗೆ ಗದ್ದದ ಕೆಳಗೆ ಪಟ್ಟಿ ಕೊಡ್ಲಾ ಅಂದೆ. ಆಗಲಿ ಅಂತ ತಲೆ ಆಡಿಸಿದ್ರಲ್ಲ."

"ಬಿಚ್ಚಿಬಿಡಿ."

"ನಮ್ಮಲ್ಲಿ ಹೊಲಿಯೋದು ಮಾತ್ರ, ಬಿಚ್ಚೋ ಪದ್ಧತಿ ಇಲ್ಲ." ಟೈಲರ್ ಅದನ್ನು ಅವನ ತಲೆಗೆ ತೊಡಿಸಿ, ಗದ್ದದ ಕೆಳಗೆ ಕೊಕ್ಕೆ ಸಿಕ್ಕಿಸಿದ. ಆಮೇಲೆ ಇನ್ನೊಂದು ಮಾತು ಹೇಳಿದ. ಹಾಡಪ್ಪನಿಗೆ ಅದು ಕೇಳಿಸಲಿಲ್ಲ, ನಿಮಗೆ ಹೇಳುತ್ತೇನೆ. "ಕೊಕ್ಕೆ ಹೊಸದು ಸಾರ್, ಮೊದಲ ಎರಡು ದಿನ ಬಿಚ್ಚೋಕೆ ಬರಲ್ಲ." ಹಾಡಪ್ಪ ಅದಕ್ಕೂ ತಲೆ ಆಡಿಸಿ ಓಡಿದ.

ಅವನ ಲೆಕ್ಕಾಚಾರ ಸರಳವಾಗಿತ್ತು. ಕಚೇರಿಯ ಬಾಗಿಲಲ್ಲಿ ಒಂದು ಮೆತ್ತೆಯನ್ನು ಕಿವಿಯಿಂದ ಸ್ವಲ್ಪ ಸರಿಸಿಕೊಳ್ಳುವುದು. ಮಾತು ತನ್ನ ಹೆಸರಿನ ಹತ್ತಿರ ಬಂತು ಅನ್ನುವಾಗ ಹೊಟ್ಟೆ ಹಿಡಿದುಕೊಂಡು ಶೌಚಾಲಯಕ್ಕೆ ಏಳುವುದು. ಬಾಗಿಲಲ್ಲಿ ನಿಂತು ಸರಿಸಿದ. ಸರಿಯಲಿಲ್ಲ. ಕೊಕ್ಕೆ ಎಳೆದ. ಅದು ಗದ್ದವನ್ನೇ ಎಳೆಯಿತು. ಗಡಿಯಾರ ಹನ್ನೊಂದು ಐದು ತೋರಿಸುತ್ತಿತ್ತು. ಒಳಗಿನಿಂದ ಸಾಹೇಬರು ಕೈ ಬೀಸಿ ಕರೆದರು.

ಕೆಂಪು ಮಖಮಲ್ಲಿನ ಕಿವಿಗಳೊಂದಿಗೆ ಅವನು ಒಳಗೆ ಹೋಗಿ ಕೂತಾಗ ಇಡೀ ಕಚೇರಿ ತಿರುಗಿ ನೋಡಿತು. ಟೈಪಿಸ್ಟ್ ಅಕ್ಕ ಮಾತ್ರ ಮೆತ್ತೆಯ ದಪ್ಪವನ್ನು ಸೀರೆ ಅಂಗಡಿಯಲ್ಲಿ ಅಂಚು ನೋಡುವ ಹಾಗೆ ಗಮನಿಸಿ ನೋಡಿದರು.

ಸಾಹೇಬರ ಬಾಯಿ ತೆರೆಯುತ್ತಿತ್ತು, ಮುಚ್ಚುತ್ತಿತ್ತು. ಅವರು ಒಬ್ಬೊಬ್ಬರ ಕಡೆಗೂ ಬೆರಳು ತೋರಿಸುತ್ತಿದ್ದರು. ತೋರಿಸಿಕೊಂಡವರಲ್ಲಿ ಒಬ್ಬ ಗಂಟಲು ಮುಟ್ಟಿಕೊಂಡ, ಒಬ್ಬ ಸೊಂಟ ಹಿಡಿದುಕೊಂಡ, ಟೈಪಿಸ್ಟ್ ಅಕ್ಕ ಎದುರಿನ ಫೈಲಿನ ರಾಶಿ ತೋರಿಸಿದರು. ಹಾಡಪ್ಪನಿಗೆ ಮಾತು ಎಲ್ಲಿಗೆ ಬಂತು ಅಂತ ತಿಳಿಯುತ್ತಿಲ್ಲ. ಒಂದು ಕೈ ಗದ್ದದ ಕೆಳಗೆ ಕೊಕ್ಕೆಯ ಜೊತೆ ಗುದ್ದಾಡುತ್ತಿತ್ತು. ಭಯವಾದಾಗ ಮನುಷ್ಯ ತನಗೆ ಬರುವುದನ್ನೇ ಮಾಡುತ್ತಾನೆ. ಹಾಡಪ್ಪನಿಗೆ ಬರುತ್ತಿದ್ದುದು ಒಂದೇ, ತಲೆ ಆಡಿಸುವುದು. ಆಡಿಸಿದ.

ಸಾಹೇಬರು ಮಾತು ನಿಲ್ಲಿಸಿ ಅವನನ್ನೇ ನೋಡಿದರು. ಏನೋ ಕೇಳಿದರು. ಈಗ ನಿಲ್ಲಿಸಿದರೆ ಅನುಮಾನ ಬರುತ್ತದೆ ಅಂತ ಅವನು ಇನ್ನಷ್ಟು ಜೋರಾಗಿ ಆಡಿಸಿದ. ಸಾಹೇಬರು ಎರಡು ಬೆರಳು ತೋರಿಸಿದರು. ಆಡಿಸಿದ. ಐದು ಬೆರಳು ತೋರಿಸಿದರು. ಅದಕ್ಕೂ ಆಡಿಸಿದ. ಇದ್ದಕ್ಕಿದ್ದ ಹಾಗೆ ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟತೊಡಗಿದರು. ಹಿರಿಯರ ಬೀಳ್ಕೊಡುಗೆ ಇರಬೇಕು ಅಂದುಕೊಂಡು ಹಾಡಪ್ಪನೂ ತಟ್ಟಿದ. ಹಿರಿಯರು ಬಂದು ಅವನನ್ನು ಬಿಗಿಯಾಗಿ ತಬ್ಬಿ ಕಣ್ಣೀರು ಹಾಕಿದರು. ಅವರ ಕೈಯಲ್ಲಿದ್ದ ಕೌಂಟರಿನ ಬೀಗದ ಕೈ ಹಾಡಪ್ಪನ ಕೈಗೆ ಬಂತು.

ಆಗ ಅವನಿಗೆ ಎಲ್ಲ ಅರ್ಥವಾಯಿತು. ಎರಡೂ ಕೈಯಿಂದ ಕೊಕ್ಕೆ ಜಗ್ಗುತ್ತಾ ಟೈಪಿಸ್ಟ್ ಅಕ್ಕನ ಹತ್ತಿರ ಓಡಿದ. ಅವರು ಸಮಾಧಾನವಾಗಿ ಡ್ರಾಯರಿನಿಂದ ಕತ್ತರಿ ತೆಗೆದು, ಕೊಕ್ಕೆಯನ್ನು ಹೊಲಿದಿದ್ದ ದಾರವನ್ನಷ್ಟೇ ಕತ್ತರಿಸಿದರು. ಮೆತ್ತೆಗೆ ಒಂದು ಗೀರೂ ಬೀಳಲಿಲ್ಲ.

"...ಐದು ವರ್ಷಕ್ಕೆ ತಾನಾಗಿ ಒಪ್ಪಿಕೊಂಡೋರು ಇವರೊಬ್ಬರೇ," ಅನ್ನುತ್ತಿದ್ದರು ಸಾಹೇಬರು. "ಎರಡು ವರ್ಷ ಸಾಕಾ ಅಂದೆ, ಆಗಲಿ ಅಂದ್ರು. ಐದಾಗುತ್ತಾ ಅಂದೆ, ಅದಕ್ಕೂ ಆಗಲಿ ಅಂದ್ರು. ಅಬ್ಬಾ!"

ಹಾಡಪ್ಪ ಅವರ ಹಿಂದೆಯೇ ಕೋಣೆಗೆ ಓಡಿದ. "ಸಾರ್, ನನಗೆ ಏನೂ ಕೇಳಿಸಲೇ ಇಲ್ಲ ಸಾರ್."

"ಕೇಳಿಸದೆ ತಲೆ ಆಡಿಸಿದ್ರಾ? ಯಾಕೆ?" ಸಾಹೇಬರ ಹುಬ್ಬು ಗಂಟಾಯಿತು. "ನಾನು ಮಾತಾಡುವಾಗ ಹಾಡು ಕೇಳ್ತಾ ಕೂತಿದ್ರಾ?"

ಹೌದು ಅಂದರೆ ನೋಟೀಸು ಕೈಗೆ ಬರುತ್ತದೆ. ಹಾಡಪ್ಪ ಮೂರು ವರ್ಷದಲ್ಲಿ ಮೊದಲ ಸಲ ಸಾಹೇಬರಿಗೆ ನಿಜ ಹೇಳಿದ. "ಅಯ್ಯೋ ಇಲ್ಲ ಸಾರ್, ಸುಳ್ಳಲ್ಲ. ಇದು ಹಾಡೋದೇ ಇಲ್ಲ. ಕೆಟ್ಟು ಮೂರು ವರ್ಷ ಆಯ್ತು. ನೋಡಿ ಬೇಕಾದ್ರೆ." ಜೇಬಿನಿಂದ ವೈರು, ಬೀಗದ ಕೈ ಗೊಂಚಲು ಎರಡನ್ನೂ ಎಳೆದು ತೋರಿಸಿದ.

ಸಾಹೇಬರು ವೈರು ನೋಡಿದರು. ಮುಖ ತಿಳಿಯಾಯಿತು. "ಹಾಗಾದ್ರೆ ನಾನು ಹೇಳಿದ್ದೆಲ್ಲಾ ಕೇಳಿಸಿದೆ ಅಂತಾಯ್ತಲ್ಲ. ಮತ್ತೇನ್ರೀ ತಕರಾರು? ಹೋಗಿ ಕೂತ್ಕೊಳ್ಳಿ, ಜನ ಕಾಯ್ತಿದ್ದಾರೆ."

"ಮೆತ್ತೆ, ಸಾರ್. ಮೆತ್ತೆ ಡಬಲ್ ಆಗಿತ್ತು..."

"ಕೌಂಟರಲ್ಲಿ ಅದನ್ನ ಹಾಕ್ಕೊಳ್ಳೋ ಹಾಗಿಲ್ಲ. ಇಲ್ಲೇ ಬಿಟ್ಟುಹೋಗಿ."

ಬಾಗಿಲ ಹೊರಗೆ ಟೈಪಿಸ್ಟ್ ಅಕ್ಕ ಕೈ ಚಾಚಿ ನಿಂತಿದ್ದರು. "ಕೊಡಿ ಹಾಡಪ್ಪನೋರೆ, ನಾನು ಜೋಪಾನವಾಗಿ ಇಟ್ಕೊಂಡಿರ್ತೀನಿ."

"ಅದು ಹಾಡಲ್ಲ ಅಕ್ಕಾ," ಅಂದ ಹಾಡಪ್ಪ, ಸೋತ ದನಿಯಲ್ಲಿ.

"ಮೂರು ವರ್ಷದಿಂದ ಗೊತ್ತು. ಕೂತಾಗೆಲ್ಲ ನಿಮ್ಮ ಜೇಬಿಂದ ವೈರಿನ ತುದಿ ಹೊರಗೆ ಬರ್ತಿತ್ತು. ನಿಮ್ಮ ಪಾಲಿನ ಫೈಲು ಎಷ್ಟು ಮುಗಿಸಿದೀನಿ ಅನ್ನೋದೂ ಗೊತ್ತು." ಅಕ್ಕ ಮೆತ್ತೆಯನ್ನು ಒಮ್ಮೆ ಒತ್ತಿ ನೋಡಿದರು. "ಟೈಲರ್ ಕೆಲಸ ಚೆನ್ನಾಗಿದೆ."

ಹನ್ನೆರಡೂಕಾಲಿಗೆ ಹಾಡಪ್ಪ ಗಾಜಿನ ಕಿಂಡಿಯ ಹಿಂದೆ ಕೂತ. ಎದುರಿಗೆ ಸಾಲು ಗೇಟು ದಾಟಿತ್ತು. ಮೊದಲನೆಯವನ ಮನೆಗೆ ಒಂಬತ್ತು ದಿನದಿಂದ ನೀರಿಲ್ಲ, ಅವನಿಗೆ ಒಂಬತ್ತು ದಿನದ ಮಾತು ಬಾಕಿ ಇತ್ತು. ಅವನ ಹಿಂದಿನವಳು ಅವನ ಹೆಗಲ ಮೇಲಿಂದ ಕೂಗಿದಳು. ಮೂರನೆಯವನು ಬಕೆಟ್ ಸಮೇತ ಬಂದಿದ್ದ, ಸಾಕ್ಷಿಗೆ ಇರಲಿ ಅಂತ ಕೆಸರು ನೀರು ತಂದಿದ್ದ. ಒಂದು ಗಂಟೆಯೊಳಗೆ ಹಾಡಪ್ಪನ ಕಿವಿಯೊಳಗೆ ಜೇನುಹುಳ ಎದ್ದ ಹಾಗಾಯಿತು.

"ಅಕ್ಕಾ!" ಒಳಗೆ ತಿರುಗಿ ಕೂಗಿದ. "ಸ್ವಲ್ಪ ಹಳೇ ದೂರಿನ ರಿಜಿಸ್ಟರ್ ಕೊಡ್ತೀರಾ? ಅಕ್ಕಾ! ಟೈಪಿಸ್ಟ್ ಅಕ್ಕಾ!"

ಅಕ್ಕ ಕೆಂಪು ಮಖಮಲ್ಲಿನ ಕಿವಿಯಲ್ಲಿ ಕೂತು, ಕಣ್ಣು ಅರೆಮುಚ್ಚಿ, ನಿಧಾನವಾಗಿ ತಲೆ ಮೇಲೆ ಕೆಳಗೆ ಆಡಿಸುತ್ತಿದ್ದರು.

ಅಷ್ಟರಲ್ಲಿ ಸಾಹೇಬರು ದಪ್ಪನೆಯ ಫೈಲು ಹಿಡಿದು ಅಕ್ಕನ ಮೇಜಿನ ಹತ್ತಿರ ಬಂದರು. ಏನೋ ಹೇಳಿದರು. ಬಗ್ಗಿ ಮೆತ್ತೆಯ ದಪ್ಪ ನೋಡಿದರು. ಬೆರಳಿನಿಂದ ತಟ್ಟಿಯೂ ನೋಡಿದರು. ಆಮೇಲೆ ನೇರ ಕೌಂಟರಿಗೆ ಬಂದು ಫೈಲನ್ನು ಹಾಡಪ್ಪನ ಮುಂದೆ ಇಟ್ಟರು.

"ಪಾಪ, ಅವರಿಗೆ ನಿಜವಾಗ್ಲೂ ಕೇಳಿಸಲ್ಲ," ಅಂದರು. "ನೀವೇ ಮುಗಿಸಿಬಿಡಿ. ನಿಮಗೆ ಕೇಳಿಸುತ್ತಲ್ಲ."