ಕತೆ ಬೇಕೋ, ಹೊಡೆದಾಟ ಬೇಕೋ

ನಗುವಿಗೆ ಹೊತ್ತುಗೊತ್ತು ತಿಳಿಯುವುದಿಲ್ಲ. ಸಾವಿನ ಮನೆಯಲ್ಲಿ, ಆಸ್ಪತ್ರೆಯ ಬೆಂಚಿನ ಮೇಲೆ, ಇವತ್ತೋ ನಾಳೆಯೋ ಬಾಗಿಲು ಹಾಕುವ ಅಂಗಡಿಯಲ್ಲಿ, ಎಲ್ಲಿ ಬರಬಾರದೋ ಅಲ್ಲೇ ಬಂದು ಕೂರುತ್ತದೆ. ಚಳ್ಳಕೆರೆಯಲ್ಲಿ ನಾನು ಬ್ರೌಸಿಂಗ್ ಸೆಂಟರ್ ಇಟ್ಟಿದ್ದ ಆ ಮೂರ್ನಾಲ್ಕು ವರ್ಷ ನನಗೆ ಬೇರೇನೂ ಗಿಟ್ಟಲಿಲ್ಲ, ಇಂಥ ನಗು ಮಾತ್ರ ಗಿಟ್ಟಿತು.

ಊರಿನ ಎಣ್ಣೆ ಮಿಲ್ಲುಗಳು ಒಂದೊಂದಾಗಿ ನಿಲ್ಲುತ್ತಿದ್ದ ಕಾಲ ಅದು. ಅಂಥದೊಂದು ನಿಂತ ಮಿಲ್ಲಿನ ಆಫೀಸು ಕೋಣೆಯಲ್ಲೇ ನನ್ನ ಸೆಂಟರ್. ಎಷ್ಟು ಸಲ ಸುಣ್ಣ ಹೊಡೆಸಿದರೂ ಗೋಡೆಯಿಂದ ಶೇಂಗಾ ಹಿಂಡಿಯ ವಾಸನೆ ಹೋಗಲಿಲ್ಲ. ಕುದಾಪುರದ ಕಡೆ ಯಾರೋ ರಸ್ತೆ ಅಗೆದರೆ ನಮ್ಮ ನೆಟ್ ಸಾಯುತ್ತಿತ್ತು. ನೆಟ್ ಬದುಕಿದ್ದ ದಿನ ಕರೆಂಟು ಸಾಯುತ್ತಿತ್ತು. ಎರಡೂ ಬದುಕಿದ್ದ ದಿನ ಗಿರಾಕಿ ಬರುತ್ತಿರಲಿಲ್ಲ.

ಬಿಡದೆ ಬರುತ್ತಿದ್ದವರು ಇಬ್ಬರು. ಇಬ್ಬರೂ ಒಂದೇ ಆನ್‌ಲೈನ್ ಆಟ ಆಡಲು ಬರುತ್ತಿದ್ದರು. ಅದರಲ್ಲಿ ನಾವೊಂದು ವೇಷ ಆರಿಸಿಕೊಂಡು ಯಾವುದೋ ಕಟ್ಟುಕತೆಯ ರಾಜ್ಯದೊಳಗೆ ಇಳಿಯಬೇಕು. ದೇಶದೇಶದ ಜನ ಅದೇ ಹೊತ್ತಿಗೆ ಅಲ್ಲಿ ಓಡಾಡುತ್ತಿರುತ್ತಾರೆ. ಬೇಕಾದರೆ ಊರೂರು ಸುತ್ತಿ ಅಲ್ಲಿನವರ ಕಷ್ಟಸುಖ ಕೇಳಬಹುದು, ಬೇಡವಾದರೆ ಕಂಡವರನ್ನೆಲ್ಲ ಹೊಡೆಯಬಹುದು.

ಕೇಳುವವರು ಮೇಷ್ಟ್ರು. ಪರಶುರಾಂಪುರದ ಶಾಲೆಯಿಂದ ರಿಟೈರಾದವರು, ಮೊಳಕಾಲ್ಮುರು ಕಡೆಯ ಹಳ್ಳಿಗಳಲ್ಲಿ ಬಯಲಾಟ ಕಲಿಸುವವರು. ಹೊಡೆಯುವವನು ಅವರದೇ ಹಳೆಯ ವಿದ್ಯಾರ್ಥಿ. ಆಗ ಅಪ್ಪನ ಶೇಂಗಾ ಮಂಡಿ ನೋಡಿಕೊಳ್ಳುತ್ತಿದ್ದ, ಎರಡು ಮಕ್ಕಳ ತಂದೆ.

ತಾವು ಯಾರು?

ಮೇಷ್ಟ್ರು ಮೊದಲ ಸಲ ಬಂದದ್ದು ಪೆನ್ಷನ್ನಿನ ಅರ್ಜಿ ಟೈಪು ಮಾಡಿಸಲು. ಪಕ್ಕದ ಕಂಪ್ಯೂಟರಿನಲ್ಲಿ ಮಂಡಿಯವನ ವೇಷಧಾರಿ ಕಿರೀಟ, ಭುಜಕೀರ್ತಿ ಹಾಕಿಕೊಂಡು ನಿಂತಿದ್ದ. ಮೇಷ್ಟ್ರು ಕನ್ನಡಕ ಏರಿಸಿ, "ಯಾರ್ಲೇ ಇವನು? ಯಾವ ಪಾತ್ರ?" ಎಂದರು. ಅರ್ಜಿ ಅಲ್ಲಿಗೇ ನಿಂತಿತು.

ಮರುದಿನ ತಾವೇ ಆಡಲು ಕೂತರು. ಕಾಡಿನ ದಾರಿಯಲ್ಲಿ ಕೊಡಲಿ ಹಿಡಿದ ದೈತ್ಯನೊಬ್ಬ ಎದುರಾದ. ಮಂಡಿಯವನು, "ಹೊಡೀರಿ ಮೇಷ್ಟ್ರೆ, ಹೊಡೀರಿ!" ಎಂದು ಕೂಗಿದ.

ಮೇಷ್ಟ್ರು ಅವನ ಕಡೆ ನೋಡಲೂ ಇಲ್ಲ. ಬಯಲಾಟದಲ್ಲಿ ಒಂದು ಕ್ರಮ ಉಂಟಲ್ಲ. ರಂಗಕ್ಕೆ ಯಾರೇ ಬರಲಿ, ಮೊದಲು ಆಟ ನಡೆಸುವ ಸಾರಥಿ ಅವನ ಊರು, ಹೆಸರು, ಬಂದ ಕಾರಣ ವಿಚಾರಿಸಬೇಕು. ಅವನು ತನ್ನ ವಂಶದ ಹಿರಿಮೆ ಹೇಳಿಕೊಳ್ಳಬೇಕು. ಆಮೇಲೆ ಯುದ್ಧ. ಮೇಷ್ಟ್ರು ಎರಡು ಬೆರಳಿನಲ್ಲಿ ಇಂಗ್ಲಿಷ್ ಅಕ್ಷರದ ಕನ್ನಡದಲ್ಲಿ ಕುಟ್ಟತೊಡಗಿದರು: "ಅಯ್ಯಾ ಮಹಾವೀರನೇ, ತಾವು ಯಾರು? ತಮ್ಮ ಸ್ಥಳ..." ಅಷ್ಟರಲ್ಲಿ ದೈತ್ಯ ಕೊಡಲಿ ಬೀಸಿಯಾಗಿತ್ತು.

ಮತ್ತೆ ಎದ್ದು ಬಂದರು, ಮತ್ತೆ ಕೇಳಿದರು, ಮತ್ತೆ ಬಿದ್ದರು. ಸಾಯಂಕಾಲದ ತನಕ ಇದೇ ಆಯಿತು. ಕೊನೆಗೆ ಕನ್ನಡಕ ತೆಗೆದು ಒರೆಸುತ್ತ ಹೇಳಿದರು: "ಶೂರ ಐದಾನೆ, ಇಲ್ಲ ಅನ್ನಲ್ಲ. ಆದ್ರೆ ಮನೇಲಿ ಏನೂ ಕಲಿಸಿಲ್ಲ."

ಪಕ್ಷ

ಮಂಡಿಯವನದು ಇದಕ್ಕೆ ತದ್ವಿರುದ್ಧ. ಪರದೆಯ ಮೇಲೆ ಮಾತಿನ ಪೆಟ್ಟಿಗೆ ತೆರೆದರೆ ಸಾಕು, ನೊಣ ಹೊಡೆದ ಹಾಗೆ ಒತ್ತಿ ಮುಚ್ಚುತ್ತಿದ್ದ. ರಾಜ ಅಳಲಿ, ಋಷಿ ಶಾಪ ಕೊಡಲಿ, "ಮುಂದೆ, ಮುಂದೆ" ಅನ್ನುವುದೊಂದೇ ಮಾತು. ಬೆಳಗಿನಿಂದ ಮಂಡಿಯಲ್ಲಿ ರೈತರ ಗೋಳು, ಹಮಾಲರ ಜಗಳ, ಅಪ್ಪನ ಬೈಗುಳ ಕೇಳಿ ಬರುವವನಿಗೆ ಇಲ್ಲಿಯೂ ಇನ್ನೊಬ್ಬರ ಗೋಳು ಕೇಳು ಎಂದರೆ ಹೇಗೆ? ನನಗೆ ಅವನ ಮೇಲೆ ಕನಿಕರವೇ ಇತ್ತು.

ಆ ರಾಜ್ಯದಲ್ಲಿ ಇಬ್ಬರು ರಾಜರಿಗೆ ಯುದ್ಧ ಹತ್ತಿಕೊಂಡಿತು. ಮಂಡಿಯವನು ಒಬ್ಬನ ಕಡೆ ಸೇರಿ, ತಿಂಗಳುಗಟ್ಟಲೆ ಕಾದಾಡಿ, ಸೇನಾಪತಿಯೇ ಆಗಿಬಿಟ್ಟ. ಇತ್ತ ನಮ್ಮ ಊರಲ್ಲಿ ಚುನಾವಣೆಯ ಗದ್ದಲ ಶುರುವಾಗಿದ್ದ ಒಂದು ದಿನ ಮೇಷ್ಟ್ರು ಅವನ ಹಿಂದೆ ನಿಂತು, ಅವನು ಮುಚ್ಚುವ ಮೊದಲೇ ಮಾತಿನ ಪೆಟ್ಟಿಗೆಯೊಂದನ್ನು ಪೂರ್ತಿ ಓದಿದರು.

"ಲೇ, ನಿನ್ನ ರಾಜ ಅಣ್ಣನಿಗೆ ವಿಷ ಹಾಕಿ ಪಟ್ಟಕ್ಕೆ ಬಂದೋನು ಕಣೋ. ಊರಿಗೆಲ್ಲ ಬೆಂಕಿ ಇಟ್ಟೋನೂ ಇವನೇ. ನೀನು ಇಷ್ಟು ದಿನ ಹೊಡೆದೋರೆಲ್ಲ ಪಾಪದವರು!"

ಮಂಡಿಯವನ ಕೈ ನಿಂತಿತು. ಮುಖ ಸಣ್ಣಗಾಯಿತು.

"ನೀವು ಹೇಳೋದು ಸರಿ ಐತೆ ಮೇಷ್ಟ್ರೆ," ಎಂದ. "ಆದ್ರೆ ಚುನಾವಣೆ ಹತ್ರ ಇಟ್ಕೊಂಡು ಈಗ ಪಕ್ಷ ಬಿಟ್ರೆ ಜನ ಏನಂತಾರೆ?"

ತಾಲೀಮು

ಕತೆಯ ರುಚಿ ಹತ್ತಿಸಬೇಕೆಂದು ಮೇಷ್ಟ್ರು ಒಂದು ಭಾನುವಾರ ನಮ್ಮಿಬ್ಬರನ್ನೂ ಮೊಳಕಾಲ್ಮುರು ಪಕ್ಕದ ಹಳ್ಳಿಗೆ ಕರೆದೊಯ್ದರು. ಬೇವಿನ ಮರದ ಕೆಳಗೆ ಬಯಲಾಟದ ತಾಲೀಮು. ಭೀಮ, ದುರ್ಯೋಧನ ಗದೆ ಹಿಡಿದು ಎದುರುಬದುರು ನಿಂತರು. ಭೀಮ ಮಾತು ಶುರು ಮಾಡಿದ. ಹುಟ್ಟಿದ್ದು, ಬೆಳೆದದ್ದು, ವಿಷ ತಿಂದದ್ದು, ಅರಗಿನ ಮನೆ, ಎಲ್ಲ ಬಂತು. ದುರ್ಯೋಧನ ಅದಕ್ಕೆಲ್ಲ ಉತ್ತರ ಕೊಡಬೇಕು. ಬಿಸಿಗಾಳಿ ಬೀಸುತ್ತಿತ್ತು. ಮಂಡಿಯವನು ಬೇವಿನ ಬುಡಕ್ಕೆ ಒರಗಿ ಗೊರಕೆ ಹೊಡೆದ.

ಮದ್ದಳೆ ಜೋರಾದಾಗ ಎಚ್ಚರಾಯಿತು. ಭೀಮ ಎರಡು ಸಲ ಕುಣಿದು ಗದೆ ಮುಟ್ಟಿಸಿದ, ದುರ್ಯೋಧನ ಬಿದ್ದ.

"ಮುಗೀತಾ? ಇಷ್ಟು ಬೈದಾಡಿದ್ದು ಈ ಒಂದು ಏಟಿಗಾ?" ಎಂದು ಮಂಡಿಯವನು ಬಾಯಿ ಬಿಟ್ಟ.

ಮೇಷ್ಟ್ರಿಗೆ ಕೆಂಡದಂಥ ಕೋಪ ಬಂತು. "ಏಟು ಯಾರು ಬೇಕಾದ್ರೂ ಹಾಕ್ತಾರೆ. ಯಾಕೆ ಹಾಕಿದ ಅಂತ ಗೊತ್ತಾಗಬೇಕಲ್ಲ, ಅದು ಕತೆ! ಕತೆ ಇಲ್ದಿದ್ರೆ ಅದು ಯುದ್ಧ ಅಲ್ಲ, ಬಸ್ ಸ್ಟ್ಯಾಂಡಿನ ಜಗಳ!"

ನೆಲದ ಮೇಲೆ ಸತ್ತು ಬಿದ್ದಿದ್ದ ದುರ್ಯೋಧನ, ಊರಿನ ಹಿಟ್ಟಿನ ಗಿರಣಿಯವನು, ಮೆಲ್ಲಗೆ ತಲೆ ಎತ್ತಿದ.

"ಮೇಷ್ಟ್ರೆ, ತಪ್ಪು ತಿಳ್ಕೋಬ್ಯಾಡ್ರಿ. ಅವರು ಹೇಳಿದಂಗೆ ಹೊಡೆದಾಟ ಒಂಚೂರು ಜಾಸ್ತಿ ಮಾಡ್ರಿ. ನಂಗೆ ಮಾತು ನೆನಪಿರವಲ್ವು."

ಮುಡುಪು

ಮೇಷ್ಟ್ರು ಇಷ್ಟೊಂದು ಕತೆಗೆ ಅಂಟಿಕೊಳ್ಳಲು ಕಾರಣ ನನಗೆ ತಡವಾಗಿ ತಿಳಿಯಿತು. ಅವರ ಹೆಂಡತಿಗೆ ಲಕ್ವ ಹೊಡೆದು ಎಡಗಡೆ ಬಿದ್ದುಹೋಗಿತ್ತು. ಮೇಲೆ ಎದೆಯ ಕಾಯಿಲೆ ಬೇರೆ. ಆಸ್ಪತ್ರೆಗೆ ಹತ್ತಿರವಾಗಲೆಂದೇ ಗಂಡಹೆಂಡತಿ ಚಳ್ಳಕೆರೆಗೆ ಬಂದು ಬಾಡಿಗೆ ಮನೆ ಹಿಡಿದಿದ್ದರು. ಮಕ್ಕಳಿರಲಿಲ್ಲ. ಮೇಷ್ಟ್ರು ದಿನಾ ಆಟದಲ್ಲಿ ಕಂಡದ್ದನ್ನು ಮನೆಗೆ ಹೋಗಿ ಆಕೆಗೆ ಹೇಳುತ್ತಿದ್ದರು. ಮಂಚದ ಮೇಲಿನ ಆ ಜೀವಕ್ಕೆ ಹೊರಗಿನ ಸುದ್ದಿ ಎಂದರೆ ಅದೊಂದೇ.

ಆಟದ ಒಂದು ಹಳ್ಳಿಯಲ್ಲಿ ಒಬ್ಬ ಮುದುಕಿ ಬಾವಿ ಕಟ್ಟೆಯ ಮೇಲೆ ಕೂತು, ಕಂಡವರನ್ನೆಲ್ಲ, "ನನ್ನ ಮಗ ಸಿಕ್ಕನಾ?" ಎಂದು ಕೇಳುತ್ತಿದ್ದಳು. ಮೇಷ್ಟ್ರು ಅವನನ್ನು ಹುಡುಕಲು ಹೊರಟರು. ಇತ್ತ ಹೆಂಡತಿ ಪ್ರತಿದಿನ ಕೇಳುತ್ತಿದ್ದರು: "ಆಯಮ್ಮನ ಮಗ ಸಿಕ್ಕನೇನ್ರಿ?" ಒಂದು ದಿನ ನೋಡಿದರೆ ಹಳದಿ ಬಟ್ಟೆಯಲ್ಲಿ ಕಾಸು ಕಟ್ಟಿಸಿ ತಲೆದಿಂಬಿನ ಕೆಳಗೆ ಇಟ್ಟುಕೊಂಡಿದ್ದಾರೆ. ಮಗ ಸಿಗಲಿ ಎಂದು ಮಾರಮ್ಮನಿಗೆ ಮುಡುಪು.

"ಅದು ಆಟ ಕಣೇ," ಎಂದರಂತೆ ಮೇಷ್ಟ್ರು.

"ನೀವು ಹಳ್ಳೀಲಿ ಕಲಿಸೋ ಬಯಲಾಟನೂ ಆಟನೇ. ಪೂಜೆ ಮಾಡ್ದೆ ಶುರು ಮಾಡ್ತೀರಾ?"

"ಆ ಊರು ಎಲ್ಲೋ ಐತೆ. ನಮ್ಮ ಮಾರಮ್ಮ ಅಲ್ಲಿಗೆ ಹೆಂಗೆ ಹೋಗ್ತಾಳೆ?"

"ನೀವು ದಿನಾ ಹೋಗಿ ಬರಲ್ವಾ? ಅವಳಿಗೇನು ಬಂತು ಧಾಡಿ?"

ಈ ಮಾತನ್ನು ಸೆಂಟರಿಗೆ ಬಂದು ಹೇಳಿ ಮೇಷ್ಟ್ರು ನಕ್ಕರು. ನಕ್ಕವರು ಹಾಗೇ ಕೂತು ಕಣ್ಣು ಒರೆಸಿಕೊಂಡರು. ಡಾಕ್ಟರು ಆ ಬೆಳಿಗ್ಗೆ, ಇನ್ನು ಹೆಚ್ಚು ದಿನ ಇಲ್ಲ ಎಂದು ಹೇಳಿದ್ದರಂತೆ. "ಕತೆ ಮುಗಿಯೋದು ನೋಡಿ ಹೋಗ್ಲಿ ಅಂತ ಅಷ್ಟೇ ನಂದು," ಎಂದರು.

ಕಹಳೆ

ಮಗನಿರುವ ಗುಹೆಯ ತನಕ ಹೋಗಲು ಮೇಷ್ಟ್ರಿಂದ ಸಾಧ್ಯವಿರಲಿಲ್ಲ. ದಾರಿಯುದ್ದಕ್ಕೂ ಕಳ್ಳಕಾಕರು. ಎಲ್ಲರನ್ನೂ ವಿಚಾರಿಸುತ್ತ ಹೋದರೆ ಅವರ ಗತಿ ಏನೆಂದು ಗೊತ್ತೇ ಇದೆ. ಹಾಗಾಗಿ ಮಂಡಿಯವನು ಜೊತೆಗೆ ಹೊರಟ. "ನಿಮ್ಮನೆ ಅವ್ವನಿಗೋಸ್ಕರ ಬರ್ತೀನಿ ಮೇಷ್ಟ್ರೆ, ಕತೆಗಲ್ಲ," ಎಂದ. ಇಬ್ಬರೂ ಅಕ್ಕಪಕ್ಕದ ಕಂಪ್ಯೂಟರಿನಲ್ಲಿ ಕೂತರು. ಅವನು ಮುಂದೆ ಹೊಡೆಯುತ್ತ ಹೋದ, ಇವರು ಹಿಂದೆ ಓದುತ್ತ ಹೋದರು.

ಗುಹೆಯಲ್ಲಿ ಮುಸುಕು ಹಾಕಿದ ಕಳ್ಳರ ನಾಯಕ ನಿಂತಿದ್ದ. ಬಾಯಿ ತೆರೆದು ಏನೋ ಹೇಳಲು ಹೊರಟ. ಮಂಡಿಯವನು ಅಭ್ಯಾಸದಂತೆ ಮಾತು ಮುಚ್ಚಿ ಮೇಲೆ ಬಿದ್ದ. ಭಾರೀ ಕಾಳಗ. ನಾಯಕ ನೆಲಕ್ಕುರುಳಿದ. ಅದೇ ಹೊತ್ತಿಗೆ ಮೇಷ್ಟ್ರು ತಮ್ಮ ಪರದೆಯ ಮೇಲೆ ಆ ಮಾತು ಓದಿ ಮುಗಿಸಿದ್ದರು.

"ಲೇ ಪಾಪಿ, ನಿಲ್ಸೋ! ಅವನೇ ಕಣೋ ಆ ಮುದುಕಿ ಮಗ!"

ನಿಲ್ಲಿಸಲು ಏನೂ ಉಳಿದಿರಲಿಲ್ಲ. ಒಂದು ಜೊತೆ ಹಳೆಯ ಚಪ್ಪಲಿ ಬಿದ್ದಿತ್ತು, ಅಷ್ಟೇ. ಅದನ್ನು ಒಯ್ದು ತಾಯಿಗೆ ಕೊಡಬೇಕೆಂದು ಆಟದವರ ಅಪ್ಪಣೆ. ಮನಸ್ಸಿಲ್ಲದ ಮನಸ್ಸಿನಿಂದ ಕೊಟ್ಟರು. ಕೊಟ್ಟದ್ದೇ ತಡ, ಪರದೆಯ ತುಂಬ ಹೂಮಳೆ, ಅಭಿನಂದನೆ, ಕಹಳೆ.

"ಮಗ ಸತ್ತಿದ್ದಕ್ಕೆ ಕಹಳೆ ಊದ್ತಾರಲ್ಲೋ! ಇವರೂ ಮನುಷ್ಯರಾ?" ಎಂದು ಮೇಷ್ಟ್ರು ಕುರ್ಚಿ ಹಿಂದಕ್ಕೆ ತಳ್ಳಿ ಎದ್ದರು.

ಮಂಡಿಯವನು ತಲೆ ತಗ್ಗಿಸಿಕೊಂಡೇ ಹೇಳಿದ: "ನಾವೂ ಹೆಣದ ಮುಂದೆ ತಮಟೆ ಬಡೀತೀವಲ್ಲ ಮೇಷ್ಟ್ರೆ."

ಮಂಚದ ಪಕ್ಕ

ಆ ತಿಂಗಳಲ್ಲೇ ಮೇಷ್ಟ್ರ ಹೆಂಡತಿ ತೀರಿಕೊಂಡರು. ಮಣ್ಣಿಗೆ ನಾನೂ ಮಂಡಿಯವನೂ ಹೋಗಿದ್ದೆವು. ಸೆಂಟರ್ ಮುಚ್ಚಿದ ದುಃಖವೂ ಅದರ ಹಿಂದೆಯೇ ಬಂತು. ಆದರೆ ಆಕೆಯನ್ನು ನೆನೆದಾಗ ನನ್ನ ಕಣ್ಣ ಮುಂದೆ ಬರುವುದು ಆ ಮಣ್ಣಲ್ಲ, ಅದಕ್ಕೂ ಮೊದಲಿನ ಒಂದು ಮಧ್ಯಾಹ್ನ.

ಗುಹೆಯ ಸಂಗತಿ ಆದ ಮೇಲೆ ಮೇಷ್ಟ್ರು ಹೆಂಡತಿಗೆ ನಿಜ ಹೇಳಿರಲಿಲ್ಲ. ಕೇಳಿದಾಗಲೆಲ್ಲ, "ನೆಟ್ ಇಲ್ಲ ಕಣೇ," ಎಂದು ಮುಖ ತಪ್ಪಿಸಿದರು. ಸಾಯುವವಳ ಮುಂದೆ ಆ ಸಾವಿನ ಕತೆ ಹೇಗೆ ಹೇಳುವುದು? ಮಂಡಿಯವನು, "ಸಿಕ್ಕಿದ, ಚೆನ್ನಾಗವನೆ ಅಂತ ಹೇಳ್ಬಿಡ್ರಿ," ಎಂದು ಉಪಾಯ ಕೊಟ್ಟ. ಒಂದು ಪದ ಬದಲಿಸಿದ ವೇಷಧಾರಿಯನ್ನು ರಂಗದಿಂದ ಇಳಿಸುವ ಮನುಷ್ಯ ಅವರು, ಆದರೂ ಒಪ್ಪಿಕೊಂಡರು. ಧೈರ್ಯಕ್ಕೆ ನಮ್ಮಿಬ್ಬರನ್ನೂ ಮನೆಗೆ ಕರೆದುಕೊಂಡು ಹೋದರು.

ಆಕೆ ಗೋಡೆಗೆ ದಿಂಬು ಕೊಟ್ಟುಕೊಂಡು ಒರಗಿದ್ದರು. ಮುಖದಲ್ಲಿ ರಕ್ತವಿರಲಿಲ್ಲ. ಮೇಷ್ಟ್ರು ಗಂಟಲು ಸರಿಮಾಡಿಕೊಂಡರು.

"ಮಗ ಸಿಕ್ಕಿದ ಕಣೇ. ಬಂದು ಅವ್ವನ ಕಾಲಿಗೆ ಬಿದ್ದ. ಆಮೇಲೆ... ಆಮೇಲೆ..."

ಅಷ್ಟೇ. ಅರ್ಧ ತಾಲ್ಲೂಕಿಗೆ ಪಾತ್ರ ಕಲಿಸಿದವರಿಗೆ ಅದೊಂದು ಪಾತ್ರ ಬರಲಿಲ್ಲ.

"ಸಾಕು ಬಿಡ್ರಿ, ನಿಮ್ಗೆ ಸುಳ್ಳು ಒಪ್ಪಲ್ಲ," ಎಂದು ಆಕೆ ಮಂಡಿಯವನ ಕಡೆ ತಿರುಗಿದರು. ಆಂಧ್ರದ ಗಡಿಯ ಊರಿನವರು, ಮಾತಿನಲ್ಲಿ ತೆಲುಗು ನುಸುಳುತ್ತಿತ್ತು. "ಏಮಯ್ಯಾ, ಹೊಡೆದಾಡೋನು ನೀನೇನಾ?"

"ಹೂಂ ಅವ್ವಾ."

"ಹಂಗಾದ್ರೆ ನೀನು ಹೇಳು ನಾಯನಾ. ಇವ್ರು ದಿನಾ ಬಂದು ಅಳೋದೊಂದೇ ಹೇಳ್ತಾರೆ. ಮುದುಕಿ ಅತ್ಲು, ರಾಣಿ ಅತ್ಲು, ಊರೆಲ್ಲ ಅತ್ತಿತು. ಅಳೋದು ನಂಗೆ ಗೊತ್ತಿಲ್ವಾ? ಬಿದ್ದಲ್ಲೇ ಅದನ್ನೇ ಮಾಡ್ತಾ ಇದೀನಿ. ಹೊಡೆದಾಟ ಇರ್ಲಿಲ್ವಾ ಅದ್ರಾಗೆ?"

ಮೇಷ್ಟ್ರು ಕಕ್ಕಾಬಿಕ್ಕಿ. "ಇತ್ತು. ನಿನ್ನ ಎದೆಗೆ ಒಳ್ಳೇದಲ್ಲ ಅಂತ ನಾನೇ ಬಿಟ್ಟು ಹೇಳ್ತಿದ್ದೆ."

"ಅದಕ್ಕೇ ಎದೆ ಹಿಂಗಾಗಿರೋದು!"

ಮಂಡಿಯವನಿಗೆ ಅಷ್ಟೇ ಸಾಕಾಯಿತು. ಮೂಲೆಯಲ್ಲಿದ್ದ ಮೇಷ್ಟ್ರ ಕೋಲು ಎತ್ತಿಕೊಂಡ. ಜನ್ಮದಲ್ಲಿ ಒಂದು ಕತೆ ಪೂರ್ತಿ ಕೇಳದವನು ಆವತ್ತು ಹೇಳಿದ ರೀತಿ ನೋಡಬೇಕಿತ್ತು. ಗುಹೆ ಹೊಕ್ಕ, ಬಗ್ಗಿದ, ಹಾರಿದ, ಕೋಲು ಬೀಸಿದ. ನೀರಿನ ಚೊಂಬು ಉರುಳಿತು, ಕ್ಯಾಲೆಂಡರ್ ಕಿತ್ತು ಬಿತ್ತು. ಆಕೆ ಬಲಗೈಯಲ್ಲಿ ಮಂಚದ ಅಂಚು ಹಿಡಿದು, "ಹಾಕು! ಬಿಡಬ್ಯಾಡ! ಇನ್ನೊಂದು ಹಾಕು!" ಎಂದು ಕೂಗುತ್ತಿದ್ದರು. ಮುಖಕ್ಕೆ ಬಣ್ಣ ಬಂದಿತ್ತು. ಮೇಷ್ಟ್ರು ನಿಂತ ಕಡೆಯಿಂದ ಕದಲಲಿಲ್ಲ, ಹೆಂಡತಿಯ ಮುಖವನ್ನೇ ನೋಡುತ್ತಿದ್ದರು.

"ಬಿದ್ದ ಅವ್ವಾ!" ಎಂದು ಮಂಡಿಯವನು ಏದುಸಿರು ಬಿಡುತ್ತ ನಿಂತ.

"ಭೇಷ್! ಯಾರು ಬಿದ್ದಿದ್ದು?"

ಆಗ ಅವನಿಗೆ ಎಚ್ಚರವಾಯಿತು. ಮೇಷ್ಟ್ರು ಕಣ್ಣು ಮುಚ್ಚಿಕೊಂಡರು. ನನಗೆ ಅಲ್ಲಿಂದ ಎದ್ದು ಹೋಗಿಬಿಡೋಣ ಅನ್ನಿಸಿತು. ಮಂಡಿಯವನು ಕೋಲನ್ನು ಬೆನ್ನ ಹಿಂದೆ ಮರೆಮಾಡಿ ಪಿಸುಗುಟ್ಟಿದ: "ಆ ಮುದುಕಿ ಮಗ ಅವ್ವಾ. ನಂಗೆ ಗೊತ್ತಾಗ್ಲಿಲ್ಲ."

ಆಕೆಯ ಕಣ್ಣಂಚಿನಲ್ಲಿ ನೀರು ಕೂಡಿ ಕೆನ್ನೆಗೆ ಇಳಿಯಿತು. ಒಳ್ಳೆಯ ಕೈಯಿಂದ ಅದನ್ನು ಒರೆಸಿಕೊಂಡರು.

"ಒಂದು ಸುದ್ದಿ ಕಳಿಸ್ದೆ ಅವ್ವನ್ನ ಇಷ್ಟು ದಿನ ಅಳಿಸಿದ್ನಲ್ಲ, ಬೀಳ್ಲಿ ಬಿಡು," ಎಂದರು. ಆಮೇಲೆ ದಿಂಬನ್ನು ಇನ್ನಷ್ಟು ಎತ್ತರಕ್ಕೆ ಸರಿಸಲು ಗಂಡನಿಗೆ ಸನ್ನೆ ಮಾಡಿ, ಮಂಡಿಯವನನ್ನು ಕೇಳಿದರು:

"ನಾಳೆ ಯಾರನ್ನ ಹೊಡೀತೀಯಾ?"