ಬಾತುಕೋಳಿ ಸ್ವೆಟರಿನ ಹಕ್ಕುದಾರರು

ಕಾನೂನು ಗೊತ್ತಿರುವ ಗಂಡನಿಗೆ ಮನೆಯಲ್ಲಿ ಮರ್ಯಾದೆ ಇಲ್ಲ ಸ್ವಾಮಿ! ಮೂವತ್ತು ವರ್ಷ ಲೈಬ್ರರಿಯನ್ ಆಗಿದ್ದು ಒಬ್ಬರಿಗೂ ಇಡೀ ಪುಸ್ತಕ ಜೆರಾಕ್ಸ್ ಮಾಡಲು ಬಿಡದ ನನ್ನ ಮುಂದೆ, ಕಟ್ಟಿಕೊಂಡವಳು ಒಂದು ಬೆಳಿಗ್ಗೆ ಕಾಫಿಯ ಜೊತೆಗೇ ಕಳ್ಳತನದ ಪ್ರಸ್ತಾಪ ತಂದಿಟ್ಟಳು.

ಆದದ್ದಿಷ್ಟು. ಮಗಳ ಹೆರಿಗೆಗೆ ಇನ್ನು ನಾಲ್ಕೂವರೆ ತಿಂಗಳು. ಮಗಳು ಎಳೆಯವಳಿದ್ದಾಗ ಹಾಕಿಕೊಂಡಿದ್ದ ಬಾತುಕೋಳಿ ಸ್ವೆಟರನ್ನೇ ಮೊಮ್ಮಗುವಿಗೂ ಹೆಣೆಯಬೇಕೆಂದು ಇವಳ ಆಸೆ. ಅದರ ನಕ್ಷೆ ಇದ್ದದ್ದು ಹಳೇ ಕಾಲದ ಒಂದು ಹೆಣಿಗೆ ಸಾಫ್ಟ್‌ವೇರಿನ ಫೈಲಿನಲ್ಲಿ. ಹಳೇ ಕಂಪ್ಯೂಟರು ಕಣ್ಣು ಮುಚ್ಚಿತ್ತು, ಹೊಸದಕ್ಕೆ ಆ ಫೈಲಿನ ತಲೆಬುಡ ತಿಳಿಯುತ್ತಿರಲಿಲ್ಲ. ಸಾಫ್ಟ್‌ವೇರ್ ಮಾಡಿದ ಕಂಪನಿ ಬಾಗಿಲು ಹಾಕಿ ಎಷ್ಟೋ ವರ್ಷವಾಗಿತ್ತು.

"ಹಳೇ ಸಾಫ್ಟ್‌ವೇರ್ ಹಂಚ್ಕೊಳ್ಳೋ ಒಂದು ಸೈಟಲ್ಲಿ ಇದೆ ರೀ. ಪುಕ್ಕಟೆ. ಇಳಿಸ್ಕೊಂಡ್ಬಿಡ್ಲಾ?"

"ಛೆ ಛೆ! ಕಂಪನಿ ಸತ್ರೂ ಕಾಪಿರೈಟ್ ಸಾಯಲ್ಲ ಕಣೇ. ಯಾರದೋ ಹೆಸರಲ್ಲಿ ಇದ್ದೇ ಇರುತ್ತೆ."

"ಅಂಗಡೀಲಿ ಸಿಗಲ್ಲ, ಮಾಡಿದೋರು ಮಾರಲ್ಲ. ನಾನು ಇಳಿಸ್ಕೊಂಡ್ರೆ ಯಾರಪ್ಪನ ಗಂಟು ಹೋಗುತ್ತೆ?"

"ಹಕ್ಕುದಾರರನ್ನ ಹುಡುಕಿ ಲಿಖಿತ ಅನುಮತಿ ತರ್ತೀನಿ. ಅಲ್ಲೀವರೆಗೂ ಮುಟ್ಟಕೂಡದು!" ಎಂದು ಆಜ್ಞಾಪಿಸಿದೆ. (ಆಜ್ಞಾಪಿಸಿ, ಅವಳ ಮುಖ ನೋಡುವ ಧೈರ್ಯ ಸಾಲದೆ ಸ್ನಾನಕ್ಕೆ ಹೋದೆ.)

ಅಂದಿನಿಂದ ಶುರುವಾಯಿತು ನನ್ನ ಪತ್ರಯಜ್ಞ. ಆ ಕಂಪನಿಯನ್ನು ಇನ್ನೊಂದು ಕೊಂಡಿತ್ತು, ಅದನ್ನು ಪ್ರಿಂಟರ್ ಮಾಡುವವರು ನುಂಗಿದ್ದರು, ಅವರೋ "ಹೆಣಿಗೆಯೇ? ನಮ್ಮದಲ್ಲ" ಎಂದರು. ಪ್ರತಿ ಪತ್ರಕ್ಕೂ ನಂಬರು, ನಕಲು, ಫೈಲು. ಒಟ್ಟು ಹದಿನೇಳು ಪತ್ರ! ಒಳಗೊಳಗೇ ದಿಗಿಲು: ಅನುಮತಿಗಿಂತ ಮೊದಲು ಕೂಸೇ ಬಂದುಬಿಟ್ಟರೆ? ಇವಳು ಬಾಯಿಬಿಟ್ಟು ಏನನ್ನಾದರೂ ಕೇಳುವುದೇ ಅಪರೂಪ. ಅಂಥವಳ ಒಂದು ಆಸೆಗೆ ನಾನೇ ಅಡ್ಡಗಾಲು ಹಾಕಿದೆನಲ್ಲ ಎಂದು ನನ್ನನ್ನೇ ಬೈದುಕೊಂಡು ಮುಂದಿನ ಪತ್ರ ಬರೆಯುತ್ತಿದ್ದೆ.

ಹೆರಿಗೆಗೆ ಒಂದು ವಾರ ಇರುವಾಗ ಹಕ್ಕುದಾರರು ಸಿಕ್ಕೇಬಿಟ್ಟರು. ಹಕ್ಕು ಕೊನೆಗೂ ಉಳಿದಿದ್ದು ಆ ಸಾಫ್ಟ್‌ವೇರ್ ಬರೆದ ಹಿರಿಯರ ಹೆಸರಲ್ಲೇ; ಅವರಿಂದಲೇ ಉತ್ತರ ಬಂತು. ಅಡುಗೆಮನೆ ಬಾಗಿಲಲ್ಲಿ ನಿಂತು, ಗಂಟಲು ಸರಿಮಾಡಿಕೊಂಡು ಓದಿದೆ:

"ಮಾನ್ಯರೇ, ಧಾರಾಳವಾಗಿ ಬಳಸಿ. ನಿಮ್ಮ ಮನೆಯವರಿಗೂ ನಾಲ್ಕು ತಿಂಗಳ ಹಿಂದೆ ಇದನ್ನೇ ಬರೆದಿದ್ದೆ. ನನ್ನ ಬಳಿಯೇ ಸಾಫ್ಟ್‌ವೇರಿನ ಪ್ರತಿ ಉಳಿದಿರಲಿಲ್ಲ, ಅವರೇ ಕಳಿಸಿಕೊಟ್ಟರು. ತೆರೆದು ನೋಡಿ ಅತ್ತುಬಿಟ್ಟೆ. ಸ್ವೆಟರ್ ಮುಗಿಯಿತೇ?"

ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ಓದಿದೆ. "ನಿನಗೆ ಇವರು ಹೇಗೆ ಸಿಕ್ಕಿದ್ರು?"

"ಅವತ್ತು ನೀವು ಸ್ನಾನಕ್ಕೆ ಹೋದಾಗಲೇ ಇಳಿಸ್ಕೊಂಡೆ. ತೆರೆದ್ರೆ ಮೊದಲನೇ ಪುಟದಲ್ಲೇ ಅವರ ಹೆಸರು, ವಿಳಾಸ. ಕೇಳ್ದೆ ತಗೊಂಡೆ, ತಪ್ಪಾಯ್ತು ಅಂತ ಬರೆದೆ."

"ನನಗ್ಯಾಕೆ ಹೇಳ್ಲಿಲ್ಲ?"

"ಊಟ ಆರಿಹೋದ್ರೂ ಏಳ್ದೆ ನನಗೋಸ್ಕರ ಪತ್ರ ಬರೀತಿದ್ರಿ. ಮದುವೆಗೆ ಮುಂಚೆ ಕೂಡ ನೀವು ಇಷ್ಟು ಪತ್ರ ಬರೆದಿರ್ಲಿಲ್ಲ. ನಿಲ್ಸೋಕೆ ಮನಸ್ಸು ಬರ್ಲಿಲ್ಲ ರೀ."

"ಅಯ್ಯೋ ಮಹಾರಾಯ್ತಿ! ಹಾಗಾದ್ರೆ ಸ್ವೆಟರು?"

ಬೀರು ತೆಗೆದಳು. ಅಂಗೈಯಗಲದ ಹಳದಿ ಸ್ವೆಟರ್, ಎದೆಯ ಮೇಲೆ ಸಾಲಾಗಿ ಬಾತುಕೋಳಿಗಳು. ನನ್ನ ಕಣ್ಣು ತುಂಬಿ ಬಂತು. "ನನಗೆ ಗೊತ್ತಾಗದ ಹಾಗೆ ಯಾವಾಗ ಹೆಣೆದೆ?"

"ನಿಮ್ಮೆದುರಿಗೇ ಹೆಣೆದೆನಲ್ಲ! ನೂಲು ಉಂಡೆ ಸುತ್ತುವಾಗ ಎರಡೂ ಕೈ ಚಾಚಿಕೊಂಡು ಕೂತಿದ್ದೋರು ಯಾರು?"

ನಾನೇ. ಹಳದಿ ನೂಲಿನ ಲಡಿಯನ್ನು ಎರಡೂ ಕೈಗೆ ಹಾಕಿಕೊಂಡು, ಅನುಮತಿ ಬರುವ ತನಕ ಒಂದು ಸಾಲನ್ನೂ ಹೆಣೆಯಕೂಡದೆಂದು ಅರ್ಧ ಗಂಟೆ ಅವಳಿಗೆ ಉಪದೇಶ ಮಾಡಿದ್ದೆ.