ಹಳ್ಳಿಮೈಸೂರಿನ ಲೇಖಕಿ ಪರಮಶಿವಯ್ಯನವರು

೧೯೩೮ನೆಯ ಇಸವಿಗೆ ಹಾಸನ ಜಿಲ್ಲೆಯಲ್ಲಿ ಮರೆತುಹೋದ ಲೇಖಕಿಯರ ಸಂಖ್ಯೆ ಒಂದು ಎಂದು ನಿಗದಿಯಾಗಿತ್ತು. ನಿಗದಿ ಮಾಡಿದ್ದು ಹದಿಮೂರು ಮಂದಿ ಗಂಡಸರಿದ್ದ 'ವಿಸ್ಮೃತ ಲೇಖಕಿಯರ ಶೋಧನಾ ಸಮಿತಿ'. ಆ ಒಬ್ಬರನ್ನು ವರ್ಷದೊಳಗೆ ಹುಡುಕಿ, ಜೀವನಚರಿತ್ರೆ ಬರೆದು, ಸನ್ಮಾನಿಸಿ, ಅವರ ಇನ್ನೊಂದು ಕೃತಿಯನ್ನು ಅಚ್ಚು ಹಾಕಿಸತಕ್ಕದ್ದೆಂದು ಠರಾವಾಗಿತ್ತು.

ಅದರಂತೆ ಕಾರ್ಯದರ್ಶಿ ಪುಟ್ಟಸ್ವಾಮಿಯವರು ಹುಳು ತಿಂದ ಕಾದಂಬರಿಯೊಂದನ್ನು ಕಂಕುಳಲ್ಲಿಟ್ಟುಕೊಂಡು ಹಳ್ಳಿಮೈಸೂರಿಗೆ ಬಂದು, ನೀಲಗಂಗಮ್ಮನ ಮನೆಯ ಜಗಲಿಯ ಮೇಲೆ ಕೂತರು. ಇಪ್ಪತ್ತಾರು ವರ್ಷದ ಹಿಂದೆ ಅದನ್ನು ಬರೆದವಳು ನೀಲಗಂಗಮ್ಮನೇ. ಆದರೆ ಆಗಿನ ಮರ್ಯಾದೆಯಂತೆ ಮುಖಪುಟದಲ್ಲಿ ಅಚ್ಚಾಗಿದ್ದದ್ದು 'ಪರಮಶಿವಯ್ಯನವರ ಧರ್ಮಪತ್ನಿ' ಎಂದಷ್ಟೆ. ಎರಡನೆಯ ಕಾದಂಬರಿ ಅಂದಿನಿಂದ ಟ್ರಂಕಿನಲ್ಲೇ ಇತ್ತು. ಆ ಪುಸ್ತಕದಲ್ಲಾದರೂ ತನ್ನ ಹೆಸರನ್ನು ಒಂದು ಸಲ ಅಚ್ಚಿನಲ್ಲಿ ನೋಡಬೇಕೆಂದು ಅವಳಿಗೆ ಆಸೆ. ದೊಡ್ಡ ಆಸೆಯೇನಲ್ಲ, ಐದೇ ಅಕ್ಷರ.

ಪುಟ್ಟಸ್ವಾಮಿಯವರು ನಮೂನೆ ಬಿಚ್ಚಿದರು. ತವರು ಅರಕಲಗೂಡು, ಅಕ್ಷರ ಕಲಿಸಿದ್ದು ಅಪ್ಪ, ಎಲ್ಲ ಸರಾಗವಾಗಿ ಸಾಗಿ ಹದಿನೇಳನೆಯ ಕಲಮಿಗೆ ಬಂದು ನಿಂತಿತು.

"ಯಜಮಾನರ ಹೆಸರು?"

"ಅಯ್ಯೋ, ಅವ್ರ ಎಸ್ರ ನಾನೆಂಗೆ ಏಳ್ಲಿ ಸ್ವಾಮಿ?" ಎಂದು ನೀಲಗಂಗಮ್ಮ ನಾಚಿದಳು.

ಪಕ್ಕದಲ್ಲೇ ತೆಂಗಿನಕಾಯಿ ಸುಲಿಯುತ್ತಿದ್ದ ಗಂಡ, "ಪರಮಶಿವಯ್ಯ ಅಂತ ಬರ್ಕೊಳಿ ಸಾ," ಎಂದ.

"ನೀವು ನಡುವೆ ಬಾಯಿ ಹಾಕಬೇಡಿ. ಲೇಖಕಿಯೇ ಸ್ವಂತ ಬಾಯಿಂದ ಹೇಳತಕ್ಕದ್ದು ಅಂತಿದೆ."

"ಬರ್ದುಕೊಡ್ಲಾ?" ಎಂದಳು ಅವಳು.

"ನೀವು ಬರೆದರೆ ಅದು ಸಾಹಿತ್ಯ ಆಗುತ್ತೆ ತಾಯಿ, ಹೇಳಿಕೆ ಆಗಲ್ಲ."

ನೀಲಗಂಗಮ್ಮ ಗೋಡೆಯ ಪಟ ತೋರಿಸಿ, "ತಲೆ ಮ್ಯಾಲೆ ಗಂಗೆ ಒತ್ಕಂಡವ್ನಲ್ಲ, ಅವ್ನ ಎಸ್ರೇ," ಎಂದಳು. ಪುಟ್ಟಸ್ವಾಮಿಯವರು ವಿಳಾಸದ ಜಾಗದಲ್ಲಿ ಕೈಲಾಸ ಎಂದು ಬರೆದು, ತೆಂಗಿನಕಾಯಿ ಸುಲಿಯುತ್ತಿದ್ದವನನ್ನು ನೋಡಿ, ಹೊಡೆದುಹಾಕಿದರು.

ಸಮಿತಿ ಎರಡು ದಿನ ಕೂತು ತೀರ್ಮಾನಿಸಿತು: "ನೀಲಗಂಗಮ್ಮ ಎಂಬುವವರು ಯಾರ ಧರ್ಮಪತ್ನಿ ಎಂಬುದು ರುಜುವಾತಾಗಿಲ್ಲ. ಮುಖಪುಟದಲ್ಲಿ ಇರುವ ಒಂದೇ ಹೆಸರು ಪರಮಶಿವಯ್ಯ. ಸದರಿಯವರು ಜಮೀನಿನ ಪತ್ರಗಳ ಸಮೇತ ಹಾಜರಿದ್ದಾರೆ. ಆದಕಾರಣ ಅವರನ್ನೇ ಮರೆತುಹೋದ ಲೇಖಕಿಯೆಂದು ಭಾವಿಸತಕ್ಕದ್ದು." ಪರಮಶಿವಯ್ಯನಿಗೆ ಓದುಬರಹ ಬರುತ್ತಿರಲಿಲ್ಲ. ಅದನ್ನು ವಿಚಾರಿಸುವ ಕಲಮು ನಮೂನೆಯಲ್ಲಿರಲಿಲ್ಲ.

"ಏನಮ್ಮಿ ಮಾಡಾದು? ಸನ್ಮಾನಕ್ಕೆ ಓಗ್ಲಾ, ಬ್ಯಾಡ್ವಾ?" ಎಂದು ಅವನು ಹೆಂಡತಿಯನ್ನು ಕೇಳಿದ.

ನೀಲಗಂಗಮ್ಮ, "ಓಗ್ಬನ್ನಿ. ಪುಸ್ತಕನಾದ್ರೂ ಅಚ್ಚಾಗ್ಲಿ," ಎಂದು ಒಳಗೆ ಹೋಗಿ, ಒಲೆಯ ಹೊಗೆಯ ನೆಪದಲ್ಲಿ ಅತ್ತಳು.

ಹಾಸನದ ಸಭೆಯಲ್ಲಿ ಪರಮಶಿವಯ್ಯನಿಗೆ ನಿಯಮದಂತೆ ಸೀರೆ, ರವಿಕೆ ಕಣ, ಡಜನ್ ಬಳೆ ಕೊಟ್ಟು ಎರಡು ಮಾತಾಡಿ ಎಂದರು. ಅವನು ತನಗೆ ಗೊತ್ತಿದ್ದನ್ನು ಹೇಳಿದ: "ಈ ವರ್ಸ ಚನ್ರಾಯ್‌ಪಟ್ಣದ ಸಂತೇಲಿ ಕಾಯಿ ಸರಿಯಾಗಿಲ್ಲ. ಮಟ್ಟೆ ದಪ್ಪ, ಒಳಗೆ ತಿರುಳು ಕಮ್ಮಿ." ಸ್ತ್ರೀಜೀವನದ ನೋವನ್ನು ಇಷ್ಟು ಸೂಕ್ಷ್ಮವಾಗಿ ಗಂಡಸು ಹೇಳಲಾರನೆಂದು ಅಧ್ಯಕ್ಷರು ಕಣ್ಣೊರೆಸಿಕೊಂಡರು.

ಇನ್ನು ಅಚ್ಚಿನ ಕೆಲಸ. ಹೆಂಗಸರ ಪುಸ್ತಕಕ್ಕೆ ಪತಿಯ ಲಿಖಿತ ಒಪ್ಪಿಗೆ ಬೇಕೆಂದು ನಿಯಮವಿತ್ತು. ಪುಟ್ಟಸ್ವಾಮಿಯವರು ಮತ್ತೆ ಬಂದು, ಲೇಖಕಿಯನ್ನು ಎದುರಿಗೆ ಕೂರಿಸಿಕೊಂಡು ಕೇಳಿದರು: "ಯಜಮಾನರ ಹೆಸರು?"

ಪರಮಶಿವಯ್ಯ ತಲೆ ಕೆರೆದುಕೊಂಡ. ಅತ್ತಿತ್ತ ನೋಡಿದ. "ಈ ಮನೇಲಿ ಯಜಮಾನ್ಕೆ ಎಲ್ಲಾ ಇವ್ಳ್ದೇ ಸಾ. ನೀಲಗಂಗಮ್ಮ ಅಂತ ಬರ್ಕೊಳಿ."

ಸ್ವಂತ ಬಾಯಿಂದ ಹೇಳಿದ್ದರಿಂದ ಯಾವ ಅಡ್ಡಿಯೂ ಬರಲಿಲ್ಲ. ನೀಲಗಂಗಮ್ಮ ಪತಿಯ ಜಾಗದಲ್ಲಿ ದುಂಡಗೆ ರುಜು ಹಾಕಿದಳು. ಪುಸ್ತಕ ಬಂತು: 'ಲೇಖಕಿ: ಶ್ರೀಮತಿ ಪರಮಶಿವಯ್ಯನವರು. ಪತಿ ನೀಲಗಂಗಮ್ಮನವರ ಅಪ್ಪಣೆಯಂತೆ ಪ್ರಕಟವಾದುದು.' ಅವಳು ಐದಕ್ಷರದ ಮೇಲೆ ಬೆರಳಾಡಿಸಿ, ಬಿದ್ದು ಬಿದ್ದು ನಕ್ಕಳು. ಖುಷಿಯೂ ಆಗಿತ್ತು, ಸುಳ್ಳೇಕೆ.

ಮುಂದಿನ ವರ್ಷ ಪುಟ್ಟಸ್ವಾಮಿಯವರು ಮೂರನೆಯ ಕಾದಂಬರಿ ಕೇಳಿಕೊಂಡು ಬಂದಾಗ ಲೇಖಕಿ ಪರಮಶಿವಯ್ಯನವರು ಬಾಗಿಲ ಮರೆಯಲ್ಲೇ ನಿಂತು ಮೆಲ್ಲಗೆ ಉತ್ತರಿಸಿದರು: "ಯಜಮಾನ್ರು ಬರೀತಾ ಕುಂತವ್ರೆ ಸಾ. ಸಂಜೆ ಬನ್ನಿ."